ಹೊಸ ಬ್ರೌಸರಿಗೆ ಬಂದ ಮಾತುಗಳು

2010ರ ಜುಲೈ 15ರಂದು ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಎಂಬ ಸಣ್ಣ ಸಂಸ್ಥೆಯು ‘ಎಪಿಕ್’ ಎಂಬ ಹೆಸರಿನ ಬ್ರೌಸರೊಂದನ್ನು ಸಾರ್ವಜನಿಕರ ಮುಂದಿರಿಸಿತು. ಭಾರತೀಯರಿಗಾಗಿಯೇ ರೂಪಿಸಿದ ಮೊದಲ ಬ್ರೌಸರ್ ಎಂಬುದು ಅದರ ಘೋಷಣೆಯಾಗಿತ್ತು. ಪರದೆಯ ಎಡಬದಿಯಲ್ಲಿ ಗುಂಡಿಗಳ ಸಾಲೊಂದು, ಒಳಗೇ ಅಡಗಿಸಿದ ವೈರಸ್ ತಪಾಸಣೆ, ಭಾರತೀಯ ಚಿತ್ರಗಳ ಹೊದಿಕೆಗಳು, ಇವೆಲ್ಲ ಅದರಲ್ಲಿದ್ದವು. ಆದರೆ ಕನ್ನಡಿಗರ ಕಣ್ಣು ನೆಟ್ಟದ್ದು ಬೇರೊಂದು ಸೌಲಭ್ಯದ ಮೇಲೆ: ಪ್ರತ್ಯೇಕ ತಂತ್ರಾಂಶವನ್ನು ಹಾಕಿಕೊಳ್ಳದೆಯೇ ಕನ್ನಡವೂ ಸೇರಿದಂತೆ ಹನ್ನೆರಡು ಭಾರತೀಯ ಭಾಷೆಗಳಲ್ಲಿ ಬ್ರೌಸರಿನೊಳಗೆ ಬರೆಯಬಹುದಾಗಿತ್ತು.

ಬಳಸಿ ನೋಡಿದವರ ಮಾತು ಬೇಗನೆ ಎರಡು ಹೋಳಾಯಿತು. ಕನ್ನಡದಲ್ಲಿ ಪತ್ರ ಬರೆಯಲು ಸಾಧ್ಯವಾಯಿತೆಂದು ಸಂತೋಷಪಟ್ಟವರು ಒಂದು ಕಡೆ. ಪರದೆಯ ಬದಿಯನ್ನು ಗುಂಡಿಗಳೇ ನುಂಗಿದರೆ ಓದುವುದಕ್ಕೆ ಉಳಿಯುವ ಜಾಗವೆಷ್ಟು ಎಂದು ಕೇಳಿದವರು ಇನ್ನೊಂದು ಕಡೆ. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬಂದ ಆಕ್ಷೇಪವೆಂದರೆ, ಇದು ಹೊಸ ಬ್ರೌಸರೇ ಅಲ್ಲ, ಫೈರ್‌ಫಾಕ್ಸಿಗೆ ಬೇರೆ ಅಂಗಿ ತೊಡಿಸಿದ್ದಾರೆ, ಎಂಬುದು. ಆಕ್ಷೇಪದಲ್ಲಿ ಸತ್ಯವಿತ್ತು. ಎಪಿಕ್ ನಿಂತಿದ್ದುದು ಮೊಜಿಲ್ಲಾದ ಬುನಾದಿಯ ಮೇಲೆಯೇ. ಆದರೆ ಅದನ್ನು ಕಳ್ಳತನವೆಂಬಂತೆ ಆಡಿದವರು ಕಾನೂನನ್ನು ನೋಡಿರಲಿಲ್ಲ. ಮೊಜಿಲ್ಲಾದ ಪರವಾನಗಿಯು ಅದರ ಮೂಲ ಸಂಕೇತವನ್ನು ಯಾರಾದರೂ ಪಡೆದು, ತಿದ್ದಿ, ಹಂಚುವುದಕ್ಕೆ ಷರತ್ತುಬದ್ಧ ಅನುಮತಿಯನ್ನು ನೀಡುತ್ತದೆ. ಆದರೆ ‘ಫೈರ್‌ಫಾಕ್ಸ್’ ಎಂಬ ಹೆಸರು ಮತ್ತು ಅದರ ಚಿಹ್ನೆ ವ್ಯಾಪಾರಮುದ್ರೆಗಳಾದ್ದರಿಂದ ತಿದ್ದಿದ ಪ್ರತಿಗೆ ಅವನ್ನು ಅಂಟಿಸುವಂತಿಲ್ಲ. ತಿದ್ದಿದವನು ಹೊಸ ಹೆಸರನ್ನು ಇಡಲೇಬೇಕು. ಆದ್ದರಿಂದ ಹೆಸರು ಬದಲಿಸಿದ್ದು ಮೋಸವಲ್ಲ, ಅದೇ ನಿಯಮ.

ಕನ್ನಡ ಬರೆಯುವ ಸೌಲಭ್ಯವೊಂದೇ ಅಷ್ಟು ಸಂತೋಷಕ್ಕೆ ಕಾರಣವಾದದ್ದೇಕೆ ಎಂದು ಇಂದಿನ ಮಕ್ಕಳು ಕೇಳಬಹುದು. ಉತ್ತರ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಪಾಲಕರಿಗೆ ಬೇರೆಯವರಿಗಿಂತ ಬೇಗ ಅರ್ಥವಾದೀತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರಕಿತ್ತು. ಆದರೆ ಕಾಗದದ ಮೇಲಿನ ಸ್ಥಾನ ಬೇರೆ, ಪರದೆಯ ಮೇಲಿನ ಸ್ಥಾನ ಬೇರೆ. ಮೈಕ್ರೋಸಾಫ್ಟಿನ ವಿಂಡೋಸ್ 2000 ಗಣಕಗಳು ದೇವನಾಗರಿ ಲಿಪಿಯನ್ನು ಬಲ್ಲವಾಗಿದ್ದವು; ಕನ್ನಡಕ್ಕೆ 2001ರ ವಿಂಡೋಸ್ ಎಕ್ಸ್‌ಪಿಯವರೆಗೆ, ಅದರೊಂದಿಗೆ ಬಂದ ‘ತುಂಗಾ’ ಅಕ್ಷರಶೈಲಿಯವರೆಗೆ ಕಾಯಬೇಕಾಯಿತು. ಎಕ್ಸ್‌ಪಿಯಲ್ಲಿಯೂ ಕನ್ನಡ ತಾನಾಗಿ ಮೂಡುತ್ತಿರಲಿಲ್ಲ. ಪ್ರಾದೇಶಿಕ ಭಾಷೆಗಳ ವಿಭಾಗವನ್ನು ತೆರೆದು, ಸಂಕೀರ್ಣ ಲಿಪಿಗಳೆಂಬ ಚೌಕಕ್ಕೆ ಗುರುತು ಹಾಕಿ, ಹಲವು ವೇಳೆ ಮೂಲ ಸಿಡಿಯನ್ನು ಒಳಗೆ ಹಾಕಿದ ಮೇಲೆಯೇ ಒತ್ತಕ್ಷರಗಳು ತಮ್ಮ ಜಾಗಕ್ಕೆ ಇಳಿಯುತ್ತಿದ್ದವು. ಸೈಬರ್ ಕೆಫೆಯ ಮಾಲೀಕನೊಬ್ಬನು ಯಾವ ಗಿರಾಕಿಗಾಗಿ ಇಷ್ಟು ಶ್ರಮ ಪಡುತ್ತಾನೆ? ಪರಿಣಾಮವಾಗಿ ಒಂದೇ ಗಣಕದಲ್ಲಿ ಮರಾಠಿಯ ಪುಟ ಚೆನ್ನಾಗಿ ತೆರೆದುಕೊಂಡು, ಕನ್ನಡದ ಪುಟದಲ್ಲಿ ಖಾಲಿ ಚೌಕಗಳ ಸಾಲು ಕಾಣಿಸಿಕೊಳ್ಳುವ ಸ್ಥಿತಿ ಇತ್ತು. ಇದರಲ್ಲಿ ಯಾವ ಸರಕಾರದ ದ್ವೇಷವೂ ಇರಲಿಲ್ಲ, ಯಾವ ಭಾಷಿಕರ ಕೈವಾಡವೂ ಇರಲಿಲ್ಲ. ಎರಡು ಲಿಪಿಗಳಿಗೆ ಯಂತ್ರದ ಬಾಗಿಲು ಬೇರೆ ಬೇರೆ ವರ್ಷ ತೆರೆಯಿತು, ಅಷ್ಟೆ. ಆದರೆ ಕನ್ನಡ ಶಾಲೆಗೆ ಮಗನನ್ನು ಕಳಿಸುವ ತಂದೆಗೆ ಪರದೆಯ ಮೇಲಿನ ಆ ಚೌಕಗಳು ಬೇರೆಯೇ ಅರ್ಥವನ್ನು ಹೇಳುತ್ತಿದ್ದವು.

ಅದಕ್ಕೂ ಹಿಂದೆ ಪರಿಸ್ಥಿತಿ ಇನ್ನೂ ತೊಡಕಾಗಿತ್ತು. ಬರಹ, ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿಯೇ ಕೂರಿಸುತ್ತಿದ್ದವು. ಆ ಶೈಲಿ ಇರುವ ಗಣಕದಲ್ಲಿ ಅಂದವಾದ ಕನ್ನಡ. ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂದಲ. ಆ ತಂತ್ರಾಂಶಗಳ ಉಪಕಾರವನ್ನು ಮರೆಯಲಾಗದು, ಅವಿಲ್ಲದಿದ್ದರೆ ಒಂದು ತಲೆಮಾರು ಗಣಕದಲ್ಲಿ ಕನ್ನಡವನ್ನೇ ಬರೆಯುತ್ತಿರಲಿಲ್ಲ. ಆದರೂ ಅಂದು ಹಾಗೆ ಅಚ್ಚಾದ ಕಡತಗಳ ಸಾಲವನ್ನು ಇಂದಿಗೂ ತೀರಿಸಬೇಕಾಗಿದೆ. ಆ ವಿಷಯ ಮುಂದೆ ಬರುತ್ತದೆ.

ಎಪಿಕ್ 2013ರಲ್ಲಿ ತನ್ನ ದಾರಿಯನ್ನೇ ಬದಲಿಸಿತು. ಫೈರ್‌ಫಾಕ್ಸಿನ ಬುನಾದಿಯನ್ನು ಬಿಟ್ಟು ಕ್ರೋಮಿಯಂ ಬುನಾದಿಗೆ ಹೋಗಿ, ಬಳಕೆದಾರನ ಖಾಸಗಿತನದ ರಕ್ಷಣೆಯನ್ನೇ ಮುಖ್ಯ ಗುರಿಯೆಂದು ಸಾರಿ ಹೊಸದಾಗಿ ಹೊರಬಂದಿತು. ಭಾರತೀಯ ಭಾಷೆಗಳು ಅದರ ಮುಖಪುಟದ ಮಾತಾಗಿ ಉಳಿಯಲಿಲ್ಲ. ಮೂರು ವರ್ಷಗಳ ಹಿಂದೆ ಬಂದ ಮಾತುಗಳಲ್ಲಿ ಕನ್ನಡದ ಸಂತೋಷಕ್ಕಿಂತ ಬದಿಪಟ್ಟಿಯ ಬೇಸರವೇ ಎತ್ತರದ ದನಿಯಲ್ಲಿತ್ತೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ಮೆಚ್ಚಿದವರು ಮೆಚ್ಚಿ ಸುಮ್ಮನಾಗುತ್ತಾರೆ, ಸಿಟ್ಟಾದವರು ಬರೆಯುತ್ತಾರೆ.

ಸಿಟ್ಟಾದವರು ಬರೆದು ಗೆದ್ದ ಉದಾಹರಣೆಯೊಂದು ಎಪಿಕ್‌ಗಿಂತ ಎರಡು ವರ್ಷ ಹಿಂದಿನದು. 2008ರ ಸೆಪ್ಟೆಂಬರ್ 2ರಂದು ಗೂಗಲ್ ತನ್ನ ಕ್ರೋಮ್ ಬ್ರೌಸರಿನ ಬೀಟಾ ಆವೃತ್ತಿಯನ್ನು 43 ಭಾಷೆಗಳಲ್ಲಿ ಬಿಡುಗಡೆ ಮಾಡಿತು. ಬೀಟಾ ಎಂದರೆ ಗ್ರೀಕ್ ವರ್ಣಮಾಲೆಯ ಎರಡನೆಯ ಅಕ್ಷರ. ತಯಾರಕರು ತಮ್ಮ ಮನೆಯೊಳಗೆ ಪರೀಕ್ಷಿಸಿ ಮುಗಿಸಿದ ಮೇಲೆ, ಅಂತಿಮ ರೂಪಕ್ಕೆ ಮುನ್ನ, ಹೊರಗಿನವರ ಕೈಗೆ ಕೊಡುವ ಪ್ರಾಯೋಗಿಕ ಪ್ರತಿಗೆ ಆ ಹೆಸರು. ಕ್ರೋಮಿನ ವೇಗವನ್ನು ಎಲ್ಲರೂ ಹೊಗಳಿದರು. ಆದರೆ ಕೆಲವರು, ಬಹುಜನರು ಎಂದೂ ಮಾಡದ ಕೆಲಸವನ್ನು ಮಾಡಿದರು: ‘ಒಪ್ಪಿದೆ’ ಎಂಬ ಗುಂಡಿಯನ್ನು ಒತ್ತುವ ಮೊದಲು ಷರತ್ತುಗಳನ್ನು ಓದಿದರು. ಹನ್ನೊಂದನೆಯ ಕಲಮಿನಲ್ಲಿ, ಬಳಕೆದಾರನು ಈ ಸೇವೆಯ ಮೂಲಕ ಸಲ್ಲಿಸುವ ಅಥವಾ ಪ್ರದರ್ಶಿಸುವ ಬರಹವನ್ನು ಪುನರುತ್ಪಾದಿಸಲು, ತಿದ್ದಲು, ಭಾಷಾಂತರಿಸಲು, ಪ್ರಕಟಿಸಲು ಗೂಗಲ್ ಸಂಸ್ಥೆಗೆ ಶಾಶ್ವತವೂ ಹಿಂತೆಗೆದುಕೊಳ್ಳಲಾಗದ್ದೂ ಆದ ಪರವಾನಗಿಯನ್ನು ಕೊಡುತ್ತಾನೆ ಎಂಬ ಅರ್ಥದ ಮಾತಿತ್ತು. ಬ್ರೌಸರೆಂದರೆ ಅಂಚೆಯವನ ಚೀಲವಿದ್ದಂತೆ. ಚೀಲದಲ್ಲಿ ಹೋದ ಪ್ರತಿಯೊಂದು ಪತ್ರದ ಮೇಲೆ ಅಂಚೆಯವನಿಗೆ ಹಕ್ಕು ಬರುವುದಾದರೆ ಪತ್ರ ಬರೆಯುವವರಾರು?

ಗದ್ದಲ ಎದ್ದಿತು. ಮರುದಿನವೇ ಗೂಗಲ್ ಆ ಕಲಮನ್ನು ತಿದ್ದಿ, ಬರಹದ ಹಕ್ಕು ಬಳಕೆದಾರನಲ್ಲಿಯೇ ಉಳಿಯುತ್ತದೆಂದು ಸ್ಪಷ್ಟಪಡಿಸಿತು. ತಿದ್ದುಪಡಿಯು ಆಗಲೇ ಇಳಿಸಿಕೊಂಡವರಿಗೂ ಪೂರ್ವಾನ್ವಯವಾಗಿ ಸಲ್ಲುತ್ತದೆಂದು ಹೇಳಿತು. ತನ್ನ ಇತರ ಸೇವೆಗಳಿಗೆ ಬಳಸುವ ಸಾಮಾನ್ಯ ಷರತ್ತುಗಳನ್ನೇ ಇಲ್ಲಿಗೂ ಹಾಕಿದ್ದರಿಂದ ಹೀಗಾಯಿತೆಂಬುದು ಅದರ ವಿವರಣೆ. ಹಳೆಯ ಖರೀದಿಪತ್ರದ ಮಾದರಿಯನ್ನು ನಕಲು ಮಾಡಿ ಬಾಡಿಗೆ ಕರಾರಿಗೆ ಹಚ್ಚಿದ ದಸ್ತಾವೇಜುಗಳನ್ನು ಕಂಡವರಿಗೆ ಈ ವಿವರಣೆ ಅಪರಿಚಿತವೆನಿಸದು. ಗಮನಿಸಬೇಕಾದ ಸಂಗತಿಯೆಂದರೆ, ನ್ಯಾಯಾಲಯವಿಲ್ಲದೆ, ನೋಟೀಸಿಲ್ಲದೆ, ಕೇವಲ ಓದಿದವರು ಮಾತಾಡಿದ್ದರಿಂದ ಇಪ್ಪತ್ತನಾಲ್ಕು ತಾಸಿನಷ್ಟರಲ್ಲಿ ಅಷ್ಟು ದೊಡ್ಡ ಸಂಸ್ಥೆಯ ಕರಾರು ಬದಲಾಯಿತು.

ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಮನೆಯ ಮೊಬೈಲಿನಲ್ಲಿ ಇಂಥದೇ ಗುಂಡಿಯನ್ನು ಒತ್ತಿದಳೆಂದಿಟ್ಟುಕೊಳ್ಳಿ. ಹದಿನೆಂಟು ತುಂಬದವರು ಮಾಡಿಕೊಂಡ ಕರಾರು 1872ರ ಕರಾರು ಕಾಯ್ದೆಯ ಪ್ರಕಾರ ಶೂನ್ಯವೆಂದು ಮೋಹರಿ ಬೀಬಿ ಪ್ರಕರಣದಲ್ಲಿ 1903ರಷ್ಟು ಹಿಂದೆಯೇ ತೀರ್ಮಾನವಾಗಿದೆ. ಆದರೆ ಕರಾರು ಶೂನ್ಯವಾದ ಮಾತ್ರಕ್ಕೆ ಆಗಲೇ ಹೊರಟುಹೋದ ಮಾಹಿತಿ ಹಿಂದಿರುಗುವುದಿಲ್ಲ. ಈ ಕೊರತೆಯನ್ನು ತುಂಬಲೆಂದು ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಮಗುವಿನ ಮಾಹಿತಿಯನ್ನು ಬಳಸುವ ಮೊದಲು ಪಾಲಕರ ಪರಿಶೀಲಿಸಬಹುದಾದ ಸಮ್ಮತಿಯನ್ನು ಪಡೆಯಬೇಕೆಂದು ಅದರ 9ನೆಯ ಕಲಮು ವಿಧಿಸುತ್ತದೆ. ಗಡಿಯಾಚೆಯ ಕನ್ನಡಿಗರಿಗೆ ಇನ್ನೂ ಬೆಲೆಯುಳ್ಳದ್ದು ಅದರ 5 ಮತ್ತು 6ನೆಯ ಕಲಮುಗಳಲ್ಲಿದೆ: ಮಾಹಿತಿಯನ್ನು ಕೇಳುವ ಸೂಚನೆಯನ್ನೂ ಸಮ್ಮತಿಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಕೊಡಬೇಕು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಈ ಕಲಮುಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಅವಧಿಯನ್ನು ನೀಡಲಾಗಿದೆ.

ಈ ಆಯ್ಕೆಗೆ ಜಿಲ್ಲೆಯ ಗಡಿಯಿಲ್ಲ. ಭಾಷಿಕ ಅಲ್ಪಸಂಖ್ಯಾತರಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣವನ್ನು ಒದಗಿಸಬೇಕೆನ್ನುವ ಸಂವಿಧಾನದ 350-ಎ ವಿಧಿಯು ರಾಜ್ಯವನ್ನೂ ಸ್ಥಳೀಯ ಸಂಸ್ಥೆಗಳನ್ನೂ ಉದ್ದೇಶಿಸಿ ಮಾತಾಡುತ್ತದೆ. ಆದ್ದರಿಂದ ಅಲ್ಲಿ ಶಾಲೆ ಎಲ್ಲಿದೆ, ಮಕ್ಕಳೆಷ್ಟು ಎಂಬ ಪ್ರಶ್ನೆಗಳು ಏಳುತ್ತವೆ. ಹೊಸ ಕಾಯ್ದೆ ಅಂಥ ಪ್ರಶ್ನೆಯನ್ನು ಕೇಳುವುದಿಲ್ಲ. ಗಡಹಿಂಗ್ಲಜದ ತಾಯಿಗೂ ಧಾರವಾಡದ ತಾಯಿಗೂ ಅದರಲ್ಲಿ ಒಂದೇ ಹಕ್ಕು. ಆದರೆ ಕನ್ನಡದ ಸೂಚನೆ ಪರದೆಯ ಮೇಲೆ ಸರಿಯಾಗಿ ಮೂಡದಿದ್ದರೆ, ಅಥವಾ ಮೂಡಿದ್ದು ಯಂತ್ರ ಮಾಡಿದ ಅಡ್ಡಾದಿಡ್ಡಿ ಅನುವಾದವಾಗಿದ್ದರೆ, ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ. ಬೀಟಾ ಆವೃತ್ತಿಯನ್ನು ನೋಡಿ ಮಾತಾಡುವುದಕ್ಕೂ ಶಾಲೆಯ ಮಕ್ಕಳ ಹಿತಕ್ಕೂ ಇರುವ ನಂಟು ಇಲ್ಲಿದೆ.

ಫೈರ್‌ಫಾಕ್ಸ್ ಬ್ರೌಸರು ಕನ್ನಡದಲ್ಲಿಯೂ ದೊರೆಯುತ್ತದೆ. ಅದರ ಕನ್ನಡ ಪದಗಳನ್ನು ರೂಪಿಸಿದವರಲ್ಲಿ ಸಂಬಳವಿಲ್ಲದ ಸ್ವಯಂಸೇವಕರ ಪಾಲು ದೊಡ್ಡದು. ಪಾಂಟೂನ್ ಎಂಬ ಮೊಜಿಲ್ಲಾದ ತಾಣದಲ್ಲಿ ಯಾರಾದರೂ ಖಾತೆ ತೆರೆದು ಒಂದು ಪದಕ್ಕೆ ಕನ್ನಡ ರೂಪವನ್ನು ಸೂಚಿಸಬಹುದು, ಅನುಭವಿಗಳು ಅದನ್ನು ನೋಡಿ ಒಪ್ಪುತ್ತಾರೆ. ಸುಮಾರು ನಾಲ್ಕು ವಾರಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಯಾರೂ ಅನುವಾದಿಸದ ಸಾಲು ಹಾಗೆಯೇ ಇಂಗ್ಲಿಷಿನಲ್ಲಿ ಉಳಿದು, ಕನ್ನಡದ ಪಟ್ಟಿಯ ನಡುವೆ ಅನ್ನದಲ್ಲಿ ಕಲ್ಲು ಸಿಕ್ಕಂತೆ ಸಿಗುತ್ತದೆ. ಅದು ಬೀಟಾದಲ್ಲಿ ಕಣ್ಣಿಗೆ ಬಿದ್ದರೆ ಅಂತಿಮ ರೂಪಕ್ಕೆ ಮುನ್ನ ತೆಗೆಯಲು ಅವಕಾಶವುಂಟು.

ಇದೇ ಫೈರ್‌ಫಾಕ್ಸಿನ 57ನೆಯ ಆವೃತ್ತಿಯ ಬೀಟಾ 2017ರ ಸೆಪ್ಟೆಂಬರ್ 26ರಂದು ‘ಕ್ವಾಂಟಮ್’ ಎಂಬ ಹೆಸರಿನಿಂದ ಬಂದಾಗ ಹಳೆಯ ಬಳಕೆದಾರರು ಕೆರಳಿದ್ದುಂಟು. ಹಳೆಯ ಬಗೆಯ ವಿಸ್ತರಣೆಗಳೆಲ್ಲ ಅದರಲ್ಲಿ ನಿಂತುಹೋದವು. ವೇಗ ಬಂದಿತು, ನೆಚ್ಚಿದ ಸಾಧನ ಹೋಯಿತು. ಮಾತುಗಳೆಷ್ಟೇ ಬಿರುಸಾಗಿದ್ದರೂ ಮೊಜಿಲ್ಲಾ ಹಿಂದೆ ಸರಿಯದೆ ನವೆಂಬರ್ 14ರಂದು ಅಂತಿಮ ರೂಪವನ್ನು ಹೊರತಂದಿತು. ಎಲ್ಲ ದೂರುಗಳೂ ಗೆಲ್ಲುವುದಿಲ್ಲವೆಂಬುದೂ ನೆನಪಿನಲ್ಲಿರಲಿ.

ಬೀಟಾವನ್ನು ನೋಡಬಯಸುವ ಪಾಲಕರಿಗೆ ಒಂದೆರಡು ಎಚ್ಚರಿಕೆಗಳು. ಮೊಬೈಲಿನಲ್ಲಿ ಬೀಟಾ ಪ್ರತ್ಯೇಕ ಆ್ಯಪ್ ಆಗಿ ಕೂರುತ್ತದೆ, ಹಳೆಯ ಬ್ರೌಸರು ಅಳಿಯುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿ, ಹತ್ತನೆಯ ಇಯತ್ತೆಯ ಪರೀಕ್ಷೆಯ ಅರ್ಜಿ, ಬ್ಯಾಂಕಿನ ವ್ಯವಹಾರ ಇವನ್ನು ಅದರಲ್ಲಿ ಮಾಡಲೇಬಾರದು; ಕೊನೆಯ ದಿನ ಸಂಜೆ ಪ್ರಾಯೋಗಿಕ ಯಂತ್ರದೊಡನೆ ಕಾದಾಡುವ ವ್ಯಸನ ಯಾರಿಗೂ ಬೇಡ. ಪರೀಕ್ಷೆಗೆ ಕೆಲವು ಪದಗಳು ಸಾಕು. ‘ಸೂರ್ಯ’ ಎಂಬಲ್ಲಿ ರಕಾರವು ಅರ್ಕಾವೊತ್ತಾಗಿ ಬರಬೇಕು. ‘ರ‍್ಯಾಂಕ್’ ಎಂಬಲ್ಲಿ ಅದೇ ರಕಾರ ಪೂರ್ಣವಾಗಿ ನಿಂತು ಯಕಾರ ಕೆಳಗಿಳಿಯಬೇಕು. ಎರಡರಲ್ಲಿಯೂ ಅಕ್ಷರಗಳು ಅವೇ; ಎರಡನೆಯದರಲ್ಲಿ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದು ರಕಾರದ ಬೆನ್ನಿಗೆ ಸೇರಿರುತ್ತದೆ. ಆ ಚಿಹ್ನೆಯನ್ನು ಯಂತ್ರ ಕಡೆಗಣಿಸಿದರೆ ಮಗುವಿನ ‘ರ‍್ಯಾಂಕ್’ ಕೆಡುತ್ತದೆ. ‘ಗಡಹಿಂಗ್ಲಜ’ವನ್ನೂ ಒಮ್ಮೆ ಬರೆದು ನೋಡಬಹುದು, ಗಕಾರದ ಕೆಳಗೆ ಲಕಾರ ಕೂತಿತೋ ಇಲ್ಲವೋ.

ತಪ್ಪು ಕಂಡರೆ ದೂರನ್ನು ಫಿರ್ಯಾದಿಯಂತೆಯೇ ಬರೆಯಬೇಕು. ಯಾವ ದಿನ, ಬ್ರೌಸರಿನ ಯಾವ ಆವೃತ್ತಿ ಸಂಖ್ಯೆ, ಯಾವ ಮೊಬೈಲು ಅಥವಾ ಗಣಕ, ಏನನ್ನು ಬರೆದಾಗ ಏನು ಮೂಡಿತು, ಏನು ಮೂಡಬೇಕಿತ್ತು. ಜೊತೆಗೆ ಪರದೆಯ ಚಿತ್ರವೊಂದು ಸಾಕ್ಷ್ಯವಾಗಿ. ‘ಕನ್ನಡ ಸರಿಯಿಲ್ಲ’ ಎಂಬ ಒಂದೇ ವಾಕ್ಯದ ದೂರನ್ನು ಯಾವ ನ್ಯಾಯಾಧೀಶನೂ ದಾಖಲಿಸಿಕೊಳ್ಳನು, ತಂತ್ರಜ್ಞನೂ ಹಾಗೆಯೇ. ಗಣಕದ ಕ್ರೋಮಿನಲ್ಲಿ ಆಲ್ಟ್, ಶಿಫ್ಟ್, ಐ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಭಿಪ್ರಾಯದ ಪೆಟ್ಟಿಗೆ ತೆರೆಯುತ್ತದೆ. ಫೈರ್‌ಫಾಕ್ಸಿನ ದೂರುಗಳು ಬಗ್‌ಜಿಲ್ಲಾ ಎಂಬ ತಾಣದಲ್ಲಿ ಸೇರುತ್ತವೆ, ಯಾರು ಬೇಕಾದರೂ ಅವನ್ನು ಓದಬಹುದು. ಇಂಗ್ಲಿಷ್ ಬಾರದ ಪಾಲಕರಿಗೆ ಶಾಲೆಯ ಇಂಗ್ಲಿಷ್ ಶಿಕ್ಷಕರು ನಾಲ್ಕು ಸಾಲು ಬರೆದುಕೊಡಬಹುದು. ಮಕ್ಕಳಿಂದಲೇ ಬರೆಸಿದರೆ ಅದೇ ಒಂದು ಪಾಠ.

ದೂರು ಯಾರ ಮೇಲೆ ಎಂಬುದನ್ನು ಮಾತ್ರ ಮೊದಲು ನಿರ್ಧರಿಸಿಕೊಳ್ಳಬೇಕು. ಪುಣೆಯ ಬಾಲಭಾರತಿ ಸಂಸ್ಥೆಯು ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ಪ್ರಕಟಿಸುತ್ತದೆ, ಅವುಗಳ ಪಿಡಿಎಫ್ ಪ್ರತಿಗಳನ್ನು ಜಾಲದಲ್ಲಿ ಒದಗಿಸುತ್ತದೆ. ಇಂಥ ಯಾವುದೇ ಕನ್ನಡ ಪುಸ್ತಕವನ್ನು ಬ್ರೌಸರಿನಲ್ಲಿ ತೆರೆದು, ಹುಡುಕುವ ಪೆಟ್ಟಿಗೆಯಲ್ಲಿ ಕಣ್ಣೆದುರಿಗೇ ಇರುವ ಪದವೊಂದನ್ನು ಬರೆದು ನೋಡಿ. ಸಿಕ್ಕರೆ ಸಂತೋಷ. ಒಂದು ಬ್ರೌಸರಿನಲ್ಲಿ ಸಿಕ್ಕು ಇನ್ನೊಂದರಲ್ಲಿ ಸಿಗದಿದ್ದರೆ ತಪ್ಪು ಎರಡನೆಯ ಬ್ರೌಸರಿನದಿರಬಹುದು. ಯಾವುದರಲ್ಲಿಯೂ ಸಿಗದಿದ್ದರೆ, ಆ ಪುಟ ಹಳೆಯ ಅಕ್ಷರಶೈಲಿಯಲ್ಲಿ ಅಚ್ಚಾಗಿರುವ ಸಂಭವವೇ ಹೆಚ್ಚು. ಆಗ ಪತ್ರ ಹೋಗಬೇಕಾದದ್ದು ಬ್ರೌಸರಿನವರಿಗಲ್ಲ, ಪುಸ್ತಕದ ಪ್ರಕಾಶಕರಿಗೆ.