ಮನೆ ಕಾವಲಿನ ಕೋವಿಗೆ ಯಾವ ಕಾಡತೂಸು?

ಕಾಫಿಗೆ ಬೆಲೆ ಬಂದ ವರ್ಷ ಕಳ್ಳರಿಗೂ ಸುಗ್ಗಿ. 2024ರಲ್ಲಿ ಧಾರಣೆ ಏರಿದ ಮೇಲೆ ಕಣದಲ್ಲಿ ಹರಡಿದ ಚೆರಿ, ಗೋದಾಮಿನಲ್ಲಿಟ್ಟ ಪಾರ್ಚ್‌ಮೆಂಟ್, ಅಂಗಳದ ಅಡಿಕೆ, ಯಾವುದನ್ನೂ ಬಿಟ್ಟು ನಿಶ್ಚಿಂತೆಯಿಂದ ಮಲಗುವಂತಿಲ್ಲ. ಮಕ್ಕಳು ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದಿರುವ ಕಡೆ ಈ ಚಿಂತೆ ಇನ್ನೂ ಹೆಚ್ಚು. ಆದ್ದರಿಂದಲೇ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಗೊಬ್ಬರದ ಲೆಕ್ಕ ಮುಗಿದ ಮೇಲೆ ಒಂದು ಪ್ರಶ್ನೆ ಕೇಳುತ್ತಿದ್ದಾರೆ: ‘ಮನೆ ಕಾವಲಿಗೆ ಯಾವ ಕಾಡತೂಸು ಇಟ್ಟುಕೊಳ್ಳಬೇಕು?’ ಇದಕ್ಕೆ ನಿಂತ ನಿಲುವಿನಲ್ಲಿ ಉತ್ತರ ಹೇಳುವುದು ಸರಿಯಲ್ಲವೆಂದು ತೋರಿ ಇಲ್ಲಿ ತುಸು ವಿವರವಾಗಿ ಬರೆದಿದ್ದೇವೆ.

ಕೈಬಂದೂಕಿನ ಆಸೆ

ರಿವಾಲ್ವರ್ ಇದ್ದರೆ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಸಾಮಾನ್ಯವಾಗಿ ದೊರೆಯುವುದು .32 ಬೋರಿನ ರಿವಾಲ್ವರ್ ಅಥವಾ ಪಿಸ್ತೂಲು. ಇದರ ನಳಿಗೆ ಗಿಡ್ಡ, ಹಾರುವುದು ಒಂದೇ ಗುಂಡು. ಪದೇ ಪದೇ ಅಭ್ಯಾಸ ಮಾಡಿದವನಿಗೂ ಕತ್ತಲಲ್ಲಿ, ಎದೆ ಹೊಡೆದುಕೊಳ್ಳುವಾಗ, ಗುರಿ ತಪ್ಪುವ ಆಯುಧ ಇದು. ಅದಕ್ಕೆ ಲೈಸೆನ್ಸ್ ಪಡೆಯುವುದೂ ಸುಲಭವಲ್ಲ. 1959ರ ಆಯುಧ ಕಾಯಿದೆಯ 13ನೇ ಕಲಮು ರಕ್ಷಣೆಗಾಗಿ ಎತ್ತಿ ಹೇಳಿರುವುದು 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ, ಒಳಮೈ ನಯವಾದ ಕೋವಿಯನ್ನು. ಬೆಳೆ ರಕ್ಷಣೆಗಾದರೆ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಆದ್ದರಿಂದ ನಮ್ಮ ಮನೆಗಳ ಮಟ್ಟಿಗೆ ಈ ಪ್ರಶ್ನೆಯೆಂದರೆ 12 ಬೋರಿನ ಒಂಟಿ ಅಥವಾ ಜೋಡಿ ನಳಿಗೆಯ ಕೋವಿಯ ಪ್ರಶ್ನೆಯೇ.

ಚರೆಯ ಲೆಕ್ಕ

ಒಂದು ಪೌಂಡು ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ ಒಂದೊಂದರ ಗಾತ್ರ ಎಷ್ಟೋ, ಅಷ್ಟು ಅಗಲದ ನಳಿಗೆಗೆ 12 ಬೋರ್ ಎಂದು ಹೆಸರು. ಅಂದರೆ ಸುಮಾರು 18.5 ಮಿಲಿಮೀಟರ್. ಇದಕ್ಕೆ ಪುಣೆಯ ಖಡ್ಕಿ ಕಾರ್ಖಾನೆಯ ‘ಶಕ್ತಿಮಾನ್’ ಕಾಡತೂಸು ನಮ್ಮವರಿಗೆಲ್ಲ ಪರಿಚಿತ. ಪೆಟ್ಟಿಗೆಯ ಮೇಲಿನ ಅಕ್ಷರ, ಅಂಕಿ ಒಳಗಿನ ಚರೆಯ ಗಾತ್ರವನ್ನು ತಿಳಿಸುತ್ತವೆ. ಎಲ್‌ಜಿ ಚರೆ ಔನ್ಸಿಗೆ ಸುಮಾರು 6, ಒಂದೊಂದೂ 9 ಮಿಲಿಮೀಟರಿನಷ್ಟು ದಪ್ಪ. ಎಸ್‌ಜಿ ಔನ್ಸಿಗೆ 8. ಬಿಬಿ ಸುಮಾರು 70. 4ನೇ ನಂಬರು 170, 6ನೇ ನಂಬರು 270. ಅಂಕಿ ಹೆಚ್ಚಿದಂತೆ ಚರೆ ಸಣ್ಣದು.

‘ಮನೆ ಕಾವಲಿಗಲ್ಲವೇ, ಎಲ್‌ಜಿ ಕೊಡಿ’ ಎಂದು ಅಂಗಡಿಯಲ್ಲಿ ಕೇಳುವುದು ವಾಡಿಕೆಯಾಗಿದೆ. ಈ ವಾಡಿಕೆಯನ್ನು ನಾವು ಒಪ್ಪುವುದಿಲ್ಲ. ಕಾಡತೂಸನ್ನು ಆರಿಸುವಾಗ ಎದುರಿನವನಿಗೆ ಎಷ್ಟು ಏಟು ಬೀಳುತ್ತದೆ ಎಂದು ಕೇಳುವುದಕ್ಕಿಂತ ಮೊದಲು, ಗುರಿ ತಪ್ಪಿದ ಚರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಕೇಳಬೇಕು. ಎಲ್‌ಜಿ ಚರೆ ಬಯಲಿನಲ್ಲಿ 500 ಮೀಟರನ್ನೂ ದಾಟಬಲ್ಲದು. ಮರದ ಬಾಗಿಲು, ಹಲಗೆಯ ತಡಿಕೆ, ತಗಡಿನ ಗೋಡೆ ಅದಕ್ಕೆ ಅಡ್ಡಿಯಲ್ಲ. ನಮ್ಮ ಲೈನ್ ಮನೆಗಳು ಕಣದಿಂದ ಎಷ್ಟು ದೂರ ಇವೆಯೆಂದು ಒಮ್ಮೆ ಹೆಜ್ಜೆ ಹಾಕಿ ಅಳೆದು ನೋಡಿ. ಅಲ್ಲಿ ಮಕ್ಕಳು ಮಲಗಿರುತ್ತಾರೆ.

ಸಣ್ಣ ಚರೆ ಬೇಗ ಬಲ ಕಳೆದುಕೊಳ್ಳುತ್ತದೆ. 6ನೇ ನಂಬರಿನದು ಸುಮಾರು 200 ಮೀಟರಿಗೆ ಬಿದ್ದುಹೋಗುತ್ತದೆ. ಹಾಗೆಂದು ಅದು ಕೇವಲ ಬೆದರಿಸುವ ಕಾಡತೂಸು ಎಂದು ಯಾರೂ ತಿಳಿಯಕೂಡದು. ಚರೆ ಹರಡುವುದು ಗಜಕ್ಕೆ ಹೆಚ್ಚುಕಡಿಮೆ ಒಂದು ಅಂಗುಲ. ಕೋಣೆಯೊಳಗಿನ ನಾಲ್ಕೈದು ಗಜದಲ್ಲಿ ಅಷ್ಟೂ ಚರೆ ಒಂದು ಅಂಗೈ ಅಗಲದಲ್ಲಿ ಗುಂಪಾಗಿ ಬಡಿಯುತ್ತದೆ. ಅಲ್ಲಿ ಎಲ್‌ಜಿಗೂ ಆರನೇ ನಂಬರಿಗೂ ಜೀವದ ವಿಷಯದಲ್ಲಿ ಅಂತರವಿಲ್ಲ. ಸುತ್ತ ಜನವಸತಿ ಇರುವ ತೋಟದ ಮನೆಗೆ 4 ಅಥವಾ 6ನೇ ನಂಬರೇ ಸಾಕು, ಎಲ್‌ಜಿ ಬೇಡ ಎಂದು ನಾವು ಹೇಳುವುದು ಇದೇ ಕಾರಣಕ್ಕೆ. ಆಕಾಶಕ್ಕೆ ಹಾರಿಸಿ ಹೆದರಿಸುವವರೂ ಮೇಲೆ ಹೋದ ಚರೆ ಕೆಳಗೆ ಬರುತ್ತದೆ ಎಂಬುದನ್ನು ಮರೆಯಬಾರದು.

ಕೋವಿಗೆ ಹೊಂದುವ ಕಾಡತೂಸು

ಅಜ್ಜನ ಕಾಲದ ಕೋವಿ ಇರುವ ಮನೆಗಳು ನಮ್ಮಲ್ಲಿ ಬಹಳ. ಅವುಗಳಲ್ಲಿ ಹಲವಕ್ಕೆ ಕಾಡತೂಸು ಕೂರುವ ಜಾಗ 65 ಮಿಲಿಮೀಟರ್ (ಎರಡೂವರೆ ಅಂಗುಲ) ಮಾತ್ರ. 70 ಮಿಲಿಮೀಟರಿನ ಕಾಡತೂಸು ಹಾರಿಸುವ ಮೊದಲು ಬಾಯಿ ಮಡಚಿಕೊಂಡಿರುವುದರಿಂದ ಅದರೊಳಗೂ ಸಲೀಸಾಗಿ ಕೂರುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರಿ ನಳಿಗೆಗೇ ಅಪಾಯ. ನಳಿಗೆಯ ಅಡಿಯಲ್ಲಿ ಕೊರೆದ ಅಂಕಿಯನ್ನು ನೋಡಿ, ತಿಳಿಯದಿದ್ದರೆ ಲೈಸೆನ್ಸ್ ಪಡೆದ ಕೋವಿ ರಿಪೇರಿಯವರಿಗೆ ತೋರಿಸಿ.

ನಳಿಗೆಯ ಮೇಲೆ ಅಲೆಅಲೆಯಾದ ಗೆರೆಗಳಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ. ಕಪ್ಪು ಮದ್ದಿನ ಕಾಲದ ಇಂಥ ನಳಿಗೆಗೆ ಈಗಿನ ಹೊಗೆರಹಿತ ಮದ್ದಿನ ಕಾಡತೂಸು ಹಾಕಕೂಡದು. ಅಂಥ ಕೋವಿ ಆಯುಧಪೂಜೆಗೆ, ಕೈಲ್ ಪೊಳ್ದ್‌ಗೆ ಹೂ ಮುಡಿದು ಕೂರಲಿ, ಸಾಕು.

ಇನ್ನೊಂದು ಎಚ್ಚರಿಕೆ. 20 ಬೋರಿನ ಕಾಡತೂಸು 12 ಬೋರಿನ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ನಳಿಗೆ ಖಾಲಿಯೆಂದು ತಿಳಿದು ಹಿಂದಿನಿಂದ 12ರದನ್ನು ಹಾಕಿ ಹಾರಿಸಿದರೆ ನಳಿಗೆ ಸಿಡಿದು ಕೈಯೇ ಹೋಗಬಹುದು. ಎರಡೂ ಬೋರಿನ ಕೋವಿ ಇರುವ ಮನೆಯಲ್ಲಿ ಕಾಡತೂಸುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡಲೇಬಾರದು.

ನಮ್ಮ ಮಳೆಗಾಲದ ತೇವ ಕಾಡತೂಸಿಗೆ ಶತ್ರು. ಹಿತ್ತಾಳೆ ಹಸಿರುಗಟ್ಟಿದ್ದನ್ನು, ಮೈ ಉಬ್ಬಿದ್ದನ್ನು ಬಳಸಬೇಡಿ, ಡೀಲರರಿಗೆ ಒಪ್ಪಿಸಿ. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಡುವ ಹಳೆಯ ಅಭ್ಯಾಸವನ್ನೂ ಬಿಡಿ. ಕುದುರೆ ಎಳೆದಾಗ ಹಾರದಿದ್ದರೆ ಕೋವಿಯ ಬಾಯಿಯನ್ನು ನಿರಪಾಯದ ಕಡೆ ಹಿಡಿದು ಅರ್ಧ ನಿಮಿಷ ಕಾದ ಮೇಲೆಯೇ ಬಿಚ್ಚಬೇಕು.

ಕಾಯಿದೆ ಏನು ಹೇಳುತ್ತದೆ

2024ರ ಜುಲೈ 1ರಿಂದ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಆತ್ಮರಕ್ಷಣೆಯ ಹಕ್ಕು ಅದರ 34ರಿಂದ 44ನೇ ಕಲಮುಗಳಲ್ಲಿದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕು ಇಲ್ಲ. ಇದ್ದಾಗಲೂ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಸ್ವತ್ತಿನ ರಕ್ಷಣೆಯಲ್ಲಿ ಜೀವ ತೆಗೆಯುವವರೆಗೆ ಹಕ್ಕು ಹೋಗುವುದು ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗಿನ ಮನೆಗನ್ನ, ವಾಸದ ಮನೆಗೆ ಬೆಂಕಿ, ಅಥವಾ ತಡೆಯದಿದ್ದರೆ ಸಾವೋ ತೀವ್ರ ಗಾಯವೋ ಆಗುವುದೆಂಬ ನ್ಯಾಯವಾದ ಭಯ ಇರುವಂಥ ಸಂದರ್ಭಗಳಲ್ಲಿ ಮಾತ್ರ ಎಂದು 41ನೇ ಕಲಮು ಹೇಳುತ್ತದೆ. ಕಣದಿಂದ ಚೆರಿ ಮೂಟೆ ಹೊತ್ತು ಓಡುತ್ತಿರುವವನು ಇದರೊಳಗೆ ಬರುವುದಿಲ್ಲ. ಅವನ ಬೆನ್ನಿಗೆ ಹಾರಿಸಿದವರು ಕಳ್ಳತನದ ಫಿರ್ಯಾದಿಯಾಗಿ ಠಾಣೆಗೆ ಹೋಗುವುದಿಲ್ಲ, ಕೊಲೆಯ ಆರೋಪಿಯಾಗಿ ಹೋಗುತ್ತಾರೆ.

ಕಾಡುಪ್ರಾಣಿಗೂ ಇದೇ ಮಾತು. 1972ರ ವನ್ಯಜೀವಿ ಕಾಯಿದೆಯಂತೆ ಅನುಮತಿಯಿಲ್ಲದೆ ಹೊಡೆಯುವುದು ಅಪರಾಧ. ಆನೆಗೆ ಚರೆ ಹೊಡೆದರೆ ಅದು ಸಾಯುವುದಿಲ್ಲ, ರೊಚ್ಚಿಗೇಳುತ್ತದೆ. ಮರುದಿನ ಅದರ ಎದುರಿಗೆ ಸಿಕ್ಕುವವರು ಕೆಲಸಕ್ಕೆ ಬರುವ ಆಳುಗಳು.

2019ರ ತಿದ್ದುಪಡಿಯಿಂದ ಒಬ್ಬರ ಲೈಸೆನ್ಸಿನಲ್ಲಿ ಎರಡೇ ಕೋವಿ ಇರಬಹುದು. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಕಾಡತೂಸು ಎಷ್ಟು ಇಟ್ಟುಕೊಳ್ಳಬಹುದೆಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ, 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಇರುವುದು ಲೈಸೆನ್ಸಿಗೆ. ಜೀವಹಾನಿಯ ಹೊಣೆಗೆ ಯಾರಿಗೂ ವಿನಾಯಿತಿಯಿಲ್ಲ.

ಕೋವಿಗೆ ಮೊದಲು ಮಾಡಬೇಕಾದುದು

ಸದಸ್ಯರು ಇಷ್ಟನ್ನು ಪಾಲಿಸಬೇಕೆಂದು ನಮ್ಮ ವಿನಂತಿ. ಕೋವಿಯನ್ನು ತುಂಬಿಸಿ ಇಡಬೇಡಿ. ಕೋವಿ ಒಂದು ಬೀಗದಲ್ಲಿ, ಕಾಡತೂಸು ಇನ್ನೊಂದು ಬೀಗದಲ್ಲಿ ಇರಲಿ. ಎರಡೂ ಬೀಗದ ಕೈ ಮನೆಯ ಹಿರಿಯರ ಬಳಿ ಇರಲಿ. ಕುಡಿದ ದಿನ, ಮನಸ್ಸು ಕೆಟ್ಟ ದಿನ ಆ ಬೀಗ ತೆಗೆಯಬಾರದು. ಸಾಲದ ಕಂತು, ಮನೆಯ ಜಗಳ ಇವುಗಳ ನಡುವೆ ಗೋಡೆಗೆ ಒರಗಿಸಿದ ತುಂಬಿದ ಕೋವಿಯಷ್ಟು ಕೆಟ್ಟ ಸಂಗಾತಿ ಬೇರೊಂದಿಲ್ಲ.

ಕಳ್ಳರ ಸುಳಿವು ಸಿಕ್ಕಿದರೆ ಬಾಗಿಲು ಭದ್ರಪಡಿಸಿ, ಹೊರಗಿನ ದೀಪ ಹಾಕಿ, 112ಕ್ಕೆ ಫೋನ್ ಮಾಡಿ, ನೆರೆಯವರನ್ನು ಕೂಗಿ. ಕತ್ತಲಲ್ಲಿ ಕಂಡ ಆಕಾರ ಹೊಟ್ಟೆನೋವಿಗೆ ಮದ್ದು ಕೇಳಲು ಬಂದ ಲೈನಿನ ಆಳೋ, ತಡವಾಗಿ ಬಸ್ಸಿಳಿದು ಬಂದ ಮಗನೋ ಇರಬಹುದು. ಟಾರ್ಚು ಬಿಟ್ಟು, ಗಟ್ಟಿಯಾಗಿ ಕೂಗಿ, ಯಾರೆಂದು ತಿಳಿಯದೆ ಕುದುರೆಯ ಮೇಲೆ ಬೆರಳಿಡಬೇಡಿ. ಕೊಯ್ಲಿನ ಕಾಲದಲ್ಲಿ ಮೂರು ನಾಲ್ಕು ತೋಟದವರು ಸೇರಿ ಸರದಿ ಕಾವಲು ಹಾಕಿಕೊಂಡರೆ, ಒಣಗಿದ ಮಾಲನ್ನು ಮನೆಯಲ್ಲಿ ಪೇರಿಸದೆ ಬೇಗ ಗೋದಾಮಿಗೆ ಸಾಗಿಸಿದರೆ ಕಳ್ಳನಿಗೆ ಬರುವ ಕಾರಣವೇ ಕಡಿಮೆಯಾಗುತ್ತದೆ.

ಒಂದು ಮೂಟೆ ಕಾಫಿ ಹೋದರೆ ಮುಂದಿನ ವರ್ಷ ಗಿಡ ಮತ್ತೆ ಹೂ ಬಿಡುತ್ತದೆ. ಹಾರಿಹೋದ ಚರೆಯನ್ನು ಮಾತ್ರ ಹಿಂದಕ್ಕೆ ಕರೆಯಲಾಗದು.