ಕಪ್ಪೆಯ ಗಾಜಿನ ಮನೆಗೆ ಎಷ್ಟು ಶಾಖ, ಎಷ್ಟು ಬೆಳಕು?
(‘ಶೀತರಕ್ತ’ ಪರಿಕಲ್ಪನೆಯ ಬೋಧನೆಗೆ ಒಂದು ದಾರಿ)

ಕಪ್ಪೆಯು ಶೀತರಕ್ತ ಪ್ರಾಣಿ ಎಂಬ ವಾಕ್ಯವನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ‘ಹಾಗಾದರೆ ಅದಕ್ಕೆ ತಂಪು ಬೇಕೋ, ಬಿಸಿ ಬೇಕೋ?’ ಎಂದು ಕೇಳಿದರೆ ‘ತಂಪು’ ಎಂಬ ಉತ್ತರ ಒಡನೆಯೇ ಬರುತ್ತದೆ. ಇದು ಮಕ್ಕಳ ದೋಷವಲ್ಲ. ಪದವೇ ಅವರನ್ನು ದಾರಿ ತಪ್ಪಿಸುತ್ತದೆ. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಮಲಯಾಳ, ತೆಲುಗು, ಮರಾಠಿಗಳಲ್ಲಿಯೂ ‘ಶೀತ’ ಅಥವಾ ‘ಶೀತಲ’ ಎಂಬ ಶಬ್ದವೇ ಬಳಕೆಯಲ್ಲಿದೆ. ತಮಿಳಿನಲ್ಲಿ ಅದೇ ಅರ್ಥದ ‘ಕುಳಿರ್’ ಇದೆ. ಹೀಗಾಗಿ ಮಗುವು ಎರಡು ಭಾಷೆಗಳಲ್ಲಿಯೂ ಒಂದೇ ತಪ್ಪು ಗ್ರಹಿಕೆಯನ್ನು ಎದುರಿಸುತ್ತದೆ.

ಈ ಗ್ರಹಿಕೆಯನ್ನು ತಿದ್ದಲು ವ್ಯಾಖ್ಯೆಗಿಂತ ಒಂದು ಸಮಸ್ಯೆಯು ಹೆಚ್ಚು ನೆರವಾಗುತ್ತದೆ: ಸಾಕುಕಪ್ಪೆಯ ಗಾಜಿನ ಪೆಟ್ಟಿಗೆಗೆ ಶಾಖವನ್ನೂ ಬೆಳಕನ್ನೂ ಹೇಗೆ ಒದಗಿಸಬೇಕು? ಯುರೋಪು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಕಪ್ಪೆಯನ್ನು ಮನೆಯಲ್ಲಿ ಸಾಕುವ ಹವ್ಯಾಸ ಬಹಳ ಜನರಿಗಿದೆ. ಅವರು ನಿತ್ಯ ಬಿಡಿಸಿಕೊಳ್ಳುವ ಈ ಪ್ರಶ್ನೆಯಲ್ಲಿ ಉಷ್ಣ ಪ್ರಸರಣ, ಬಾಷ್ಪೀಕರಣ, ಬೆಳಕು, ಹೊಂದಾಣಿಕೆ ಎಂಬ ನಾಲ್ಕು ಪಾಠಗಳು ಒಂದೆಡೆ ಸೇರುತ್ತವೆ.

1. ಮೊದಲು ಕಪ್ಪೆ, ಆಮೇಲೆ ದೀಪ

ಕಪ್ಪೆಯು ತನ್ನ ದೇಹದೊಳಗೆ ಸಾಕಷ್ಟು ಶಾಖವನ್ನು ಉತ್ಪಾದಿಸಿ ಉಳಿಸಿಕೊಳ್ಳಲಾರದು. ಸುತ್ತಲಿನ ಗಾಳಿ, ನೀರು, ನೆಲಗಳ ಉಷ್ಣತೆಯನ್ನು ಅನುಸರಿಸಿ ಅದರ ಮೈಯ ಉಷ್ಣತೆಯೂ ಏರಿಳಿಯುತ್ತದೆ. ಆದುದರಿಂದ ‘ಶೀತರಕ್ತ’ ಎಂದರೆ ‘ತಣ್ಣನೆಯ ರಕ್ತವುಳ್ಳದ್ದು’ ಎಂದಲ್ಲ, ‘ಹೊರಗಿನ ಶಾಖವನ್ನು ಅವಲಂಬಿಸಿದ್ದು’ ಎಂದು ತಿಳಿಯಬೇಕು. ಶಾಖ ಸಾಲದಾದಾಗ ಕಪ್ಪೆ ಮಂಕಾಗುತ್ತದೆ, ತಿಂದ ಹುಳು ಹೊಟ್ಟೆಯಲ್ಲಿ ಜೀರ್ಣವಾಗದೆ ಉಳಿಯುತ್ತದೆ. ಶಾಖ ಮಿತಿಮೀರಿದರೆ ಅಲ್ಪ ಕಾಲದಲ್ಲಿಯೇ ಪ್ರಾಣಕ್ಕೆ ಅಪಾಯ ಒದಗುತ್ತದೆ.

ಎಷ್ಟು ಶಾಖ ಸರಿ ಎಂಬುದನ್ನು ಆಯಾ ಕಪ್ಪೆಯ ಮೂಲನೆಲೆ ನಿರ್ಧರಿಸುತ್ತದೆ. ಸಾಕುಕಪ್ಪೆಗಳಲ್ಲಿ ಹೆಸರಾದುದು ವೈಟ್ ಮರಗಪ್ಪೆ. 1790ರಲ್ಲಿ ಅದನ್ನು ವರ್ಣಿಸಿದ ಶಸ್ತ್ರವೈದ್ಯ ಜಾನ್ ವೈಟ್ ಅವರ ಹೆಸರೇ ಅದಕ್ಕಿದೆ. ಆಸ್ಟ್ರೇಲಿಯದ ಉತ್ತರ ಮತ್ತು ಪೂರ್ವ ಭಾಗಗಳು ಹಾಗೂ ನ್ಯೂಗಿನಿಯ ದಕ್ಷಿಣ ಭಾಗ ಇದರ ತವರು. ಇದಕ್ಕೆ ಹಗಲಿನಲ್ಲಿ ಸುಮಾರು 24ರಿಂದ 29 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತ. ರಾತ್ರಿ ಕೆಲವು ಡಿಗ್ರಿ ಇಳಿಯಬೇಕು. ಕೊರಿಯ ಮತ್ತು ಈಶಾನ್ಯ ಚೀನಾದ ಕೆಂಪುಹೊಟ್ಟೆಯ ಚಿಕ್ಕ ಕಪ್ಪೆಗಾದರೋ 18ರಿಂದ 24 ಡಿಗ್ರಿ ಸಾಕು. ಸಾಮಾನ್ಯ ಕೋಣೆಯಲ್ಲಿ ಅದಕ್ಕೆ ಕಾಯಿಸುವ ಉಪಕರಣವೇ ಬೇಕಾಗುವುದಿಲ್ಲ. ‘ಕಪ್ಪೆಗೆ ಎಷ್ಟು ಶಾಖ?’ ಎಂಬ ಪ್ರಶ್ನೆಗೆ ‘ಯಾವ ಕಪ್ಪೆಗೆ?’ ಎಂಬ ಮರುಪ್ರಶ್ನೆಯನ್ನು ಮಕ್ಕಳೇ ಕೇಳುವಂತಾದರೆ ಪಾಠ ಅರ್ಧ ಗೆದ್ದಂತೆ.

2. ಒಂದೇ ಉಷ್ಣತೆಯಲ್ಲ, ಆಯ್ಕೆಯ ಅವಕಾಶ

ಕಾಡಿನ ಕಪ್ಪೆಯು ಬಿಸಿಯೆನಿಸಿದಾಗ ನೆರಳಿಗೆ ಸರಿಯುತ್ತದೆ, ಚಳಿಯೆನಿಸಿದಾಗ ಬೆಚ್ಚನೆಯ ಪೊಟರೆಯನ್ನು ಸೇರುತ್ತದೆ. ಸ್ಥಳ ಬದಲಿಸುವುದೇ ಅದರ ಉಷ್ಣ ನಿಯಂತ್ರಣ. ಗಾಜಿನ ಪೆಟ್ಟಿಗೆ ಈ ಸ್ವಾತಂತ್ರ್ಯವನ್ನು ಕಸಿಯುತ್ತದೆ. ಆದುದರಿಂದ ಪೆಟ್ಟಿಗೆಯನ್ನು ಸಮನಾಗಿ ಕಾಯಿಸಬಾರದು. ಒಂದು ತುದಿ ಬೆಚ್ಚಗೂ ಇನ್ನೊಂದು ತುದಿ ತಂಪಾಗಿಯೂ ಇರಬೇಕು. ಎರಡೂ ತುದಿಗಳಲ್ಲಿ ಒಂದೊಂದು ತಾಪಮಾಪಕವಿರಬೇಕು. ಶಾಖದ ಉಪಕರಣಕ್ಕೆ ಥರ್ಮೋಸ್ಟ್ಯಾಟನ್ನು ಅಳವಡಿಸಿ, ಗೊತ್ತಾದ ಮಿತಿಯನ್ನು ಮುಟ್ಟಿದೊಡನೆ ವಿದ್ಯುತ್ತು ತಾನೇ ನಿಲ್ಲುವಂತೆ ಮಾಡಬೇಕು.

ಉಪಕರಣದ ಆಯ್ಕೆಗೆ ಮುನ್ನ ಕೋಣೆಯ ಉಷ್ಣತೆಯನ್ನು ಅಳೆಯಬೇಕು. ನೀಲಗಿರಿಯ ಉದಕಮಂಡಲವು ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿ ಹಿಮ ಬೀಳುತ್ತದೆ. ಆದವಾನಿ, ರಾಯದುರ್ಗ, ಸೊಲ್ಲಾಪುರಗಳ ಬೇಸಗೆಯಲ್ಲಿ ಪಾದರಸ 40 ಡಿಗ್ರಿಯನ್ನು ದಾಟುತ್ತದೆ. ಅದೇ ಕಪ್ಪೆ, ಅದೇ ಪೆಟ್ಟಿಗೆಯೇ ಆದರೂ ಒಂದೆಡೆ ಕಾಯಿಸುವ ಪ್ರಶ್ನೆ, ಮತ್ತೊಂದೆಡೆ ತಂಪಾಗಿಡುವ ಪ್ರಶ್ನೆ. ತಮ್ಮ ಊರಿನ ಪೆಟ್ಟಿಗೆಗೆ ಏನು ಬೇಕೆಂದು ಮಕ್ಕಳೇ ನಿರ್ಧರಿಸಲಿ.

3. ಶಾಖದ ಮೂಲಗಳು

ಸಾಕುವವರು ಮುಖ್ಯವಾಗಿ ಮೂರು ಉಪಕರಣಗಳನ್ನು ಬಳಸುತ್ತಾರೆ.

ಕಾಯಿಸುವ ಚಾಪೆ: ಗಾಜಿಗೆ ಅಂಟಿಕೊಂಡು ಮುಖ್ಯವಾಗಿ ವಹನದ ಮೂಲಕ ಶಾಖ ನೀಡುವ ತೆಳುವಾದ ಹಾಳೆ. ಇದನ್ನು ಪೆಟ್ಟಿಗೆಯ ಅಡಿಯಲ್ಲಿಡದೆ ಪಕ್ಕದ ಗೋಡೆಯ ಹೊರಮೈಗೆ ಅಳವಡಿಸುವುದು ಸೂಕ್ತ. ಕಾರಣವು ಸ್ವಾರಸ್ಯಕರವಾಗಿದೆ. ನಿಸರ್ಗದಲ್ಲಿ ಬಿಸಿಲು ಮೇಲಿನಿಂದ ಬೀಳುತ್ತದೆ, ಮಣ್ಣನ್ನು ಅಗೆದಷ್ಟೂ ತಂಪು ಸಿಗುತ್ತದೆ. ದಕ್ಷಿಣ ಅಮೆರಿಕದ ಕೊಂಬುಗಪ್ಪೆಯು ಬಿಸಿಯಿಂದ ಪಾರಾಗಲು ಮಣ್ಣಿನಲ್ಲಿ ಹುದುಗುತ್ತದೆ. ಅಡಿಯಲ್ಲಿ ಚಾಪೆಯಿದ್ದರೆ ಅದು ತಂಪನ್ನು ಅರಸುತ್ತ ಇಳಿದಷ್ಟೂ ಬೆಂಕಿಯ ಬಳಿಗೇ ಸಾಗುತ್ತದೆ. ಹುಟ್ಟುಗುಣವೇ ಅದಕ್ಕೆ ಮುಳುವಾಗುತ್ತದೆ.

ಸೆರಾಮಿಕ್ ಶಾಖದೀಪ: ಬೆಳಕನ್ನು ಸೂಸದೆ ವಿಕಿರಣದ ಮೂಲಕ ಶಾಖವನ್ನು ಮಾತ್ರ ನೀಡುತ್ತದೆ. ಚಳಿಯ ರಾತ್ರಿಗಳಿಗೆ ಇದು ಒಪ್ಪುತ್ತದೆ. ಇದರ ಮೈ ಸುಡುವಷ್ಟು ಬಿಸಿಯಾಗುವುದರಿಂದ ಕಪ್ಪೆ ನೆಗೆದು ತಾಗದಂತೆ ಜಾಲರಿಯ ಹೊರಗಿಡಬೇಕು.

ತಂತಿದೀಪ ಅಥವಾ ಹ್ಯಾಲೋಜನ್ ದೀಪ: ಬೆಳಕು, ಶಾಖ ಎರಡನ್ನೂ ಕೊಡುತ್ತದೆ. ಹಗಲಿಗೆ ಮಾತ್ರ ಯೋಗ್ಯ. ಗಾಳಿಯನ್ನು ಬಹುಬೇಗ ಒಣಗಿಸುತ್ತದೆ.

ಈ ಕೊನೆಯ ಮಾತು ಮುಖ್ಯ. ಕಪ್ಪೆಯು ಬಾಯಿಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರಿಕೊಳ್ಳುತ್ತದೆ. ಅದೇ ಚರ್ಮದಿಂದ ನೀರು ಆವಿಯಾಗಿ ಹೋಗುತ್ತದೆ. ಆದುದರಿಂದ ಶಾಖವನ್ನು ಹೆಚ್ಚಿಸಿದಾಗಲೆಲ್ಲ ಆರ್ದ್ರತೆಯನ್ನೂ ನೋಡಿಕೊಳ್ಳಬೇಕು. ಕ್ಲೋರಿನ್ ಇಲ್ಲದ ನೀರಿನ ಬಟ್ಟಲು ಸದಾ ಇರಬೇಕು, ಆಗಾಗ ನೀರು ಚಿಮುಕಿಸಬೇಕು, ಗಾಳಿಯೂ ಆಡಬೇಕು. ಒಂದನ್ನು ಹಿಡಿದರೆ ಇನ್ನೊಂದು ನೆಗೆಯುತ್ತದೆ. ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದಂತೆ ಎಂಬ ನಮ್ಮ ಗಾದೆಮಾತು ಕಪ್ಪೆಯ ಮನೆಗೇ ಚೆನ್ನಾಗಿ ಒಪ್ಪುತ್ತದೆ.

ಶಾಖಕ್ಕೂ ನೀರಿಗೂ ಇರುವ ನಂಟನ್ನು ವೈಟ್ ಮರಗಪ್ಪೆಯೇ ತೋರಿಸಿಕೊಟ್ಟಿದೆ. ಉತ್ತರ ಆಸ್ಟ್ರೇಲಿಯದಲ್ಲಿ ಮಳೆಯಿಲ್ಲದ ತಿಂಗಳುಗಳ ತಂಪು ರಾತ್ರಿಗಳಲ್ಲಿ ಅದು ಹೊರಗೆ ಕುಳಿತು ಮೈ ತಣ್ಣಗಾದ ಮೇಲೆ ಬೆಚ್ಚನೆಯ ತೇವಭರಿತ ಪೊಟರೆಗೆ ಮರಳುತ್ತದೆ. ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿಗಟ್ಟುವಂತೆ ಅದರ ಮೈಮೇಲೆ ನೀರು ಸಾಂದ್ರೀಕರಣಗೊಳ್ಳುತ್ತದೆ. ಆ ನೀರನ್ನು ಚರ್ಮ ಹೀರುತ್ತದೆ. ರಾತ್ರಿಯ ತಂಪು ಸಹ ಕಪ್ಪೆಗೆ ಉಪಯುಕ್ತವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

4. ಬೆಳಕು

ನಿಶಾಚರಿಯಾದ ಕಪ್ಪೆಗೆ ದೀಪವೇಕೆ ಎಂದು ಮಕ್ಕಳು ಕೇಳುವುದು ಸಹಜ. ಯಾವುದು ಹಗಲು, ಯಾವುದು ರಾತ್ರಿ ಎಂಬುದು ಅದಕ್ಕೂ ತಿಳಿಯಬೇಕು. ಉಷ್ಣವಲಯದ ಕಪ್ಪೆಗಳಿಗೆ ದಿನಕ್ಕೆ ಸುಮಾರು 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಇರಬೇಕು. ಹೆಚ್ಚು ಬಿಸಿಯಾಗದ ಎಲ್‌ಇಡಿ ದೀಪ ಇದಕ್ಕೆ ಸಾಕು. ಪೆಟ್ಟಿಗೆಯ ಗಿಡಗಳಿಗೂ ಅದರಿಂದ ಅನುಕೂಲ. ರಾತ್ರಿ ಕೆಂಪು ಅಥವಾ ನೀಲಿ ದೀಪವನ್ನು ಹಚ್ಚಿದರೆ ಕಪ್ಪೆಗೆ ಕಾಣುವುದಿಲ್ಲವೆಂಬ ನಂಬಿಕೆಯನ್ನು ನೆಚ್ಚಬಾರದು. ಮನುಷ್ಯನ ಕಣ್ಣಿನಲ್ಲಿ ಒಂದೇ ಬಗೆಯ ದಂಡಕೋಶಗಳಿದ್ದರೆ ಕಪ್ಪೆಯ ಕಣ್ಣಿನಲ್ಲಿ ಎರಡು ಬಗೆಯವಿವೆ. ಮಂದ ಬೆಳಕಿನಲ್ಲಿ ಅದರ ದೃಷ್ಟಿ ನಮ್ಮದಕ್ಕಿಂತ ಚುರುಕು. ರಾತ್ರಿಯು ರಾತ್ರಿಯಾಗಿಯೇ ಇರಲಿ.

ಅತಿನೇರಳೆ ಕಿರಣಗಳ ವಿಚಾರ ಬೇರೆ. ಅವುಗಳಲ್ಲಿ ‘ಬಿ’ ವರ್ಗದವು ಚರ್ಮದಲ್ಲಿ ಡಿ3 ಜೀವಸತ್ವ ಉಂಟಾಗಲು ನೆರವಾಗುತ್ತವೆ. ಈ ಜೀವಸತ್ವವಿಲ್ಲದೆ ಆಹಾರದ ಕ್ಯಾಲ್ಸಿಯಂ ಮೂಳೆ ಸೇರದು, ಮೂಳೆಗಳು ಮೆತ್ತಗಾಗಿ ಬಾಗುತ್ತವೆ. ಆದುದರಿಂದ ಸಾಕುವವರು ಹುಳುಗಳಿಗೆ ಕ್ಯಾಲ್ಸಿಯಂ ಮತ್ತು ಡಿ3 ಪುಡಿಯನ್ನು ಲೇಪಿಸಿ ಉಣಿಸುತ್ತಾರೆ. ಜೊತೆಗೆ ಕಡಿಮೆ ತೀವ್ರತೆಯ ಅತಿನೇರಳೆ ದೀಪವನ್ನೂ ಹಲವರು ಅಳವಡಿಸುತ್ತಾರೆ. ತೀವ್ರತೆ ಹೆಚ್ಚಿದರೆ ಕಣ್ಣಿಗೂ ಚರ್ಮಕ್ಕೂ ಹಾನಿ. ಆದುದರಿಂದ ಎಲೆಮರೆಯ ನೆರಳು ಇರಲೇಬೇಕು. ಸಾಮಾನ್ಯ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಗಾಜಿನ ಮುಚ್ಚಳದ ಮೇಲೆ ದೀಪವಿಟ್ಟರೆ ಪ್ರಯೋಜನವಿಲ್ಲ. ದೀಪವು ಕಣ್ಣಿಗೆ ಉರಿಯುತ್ತಿರುವಂತೆಯೇ ಕಂಡರೂ ಅದರ ಅತಿನೇರಳೆ ಅಂಶ ಕ್ರಮೇಣ ಕುಂದುವುದರಿಂದ ತಯಾರಕರು ಸೂಚಿಸಿದ ಅವಧಿಗೆ ಬದಲಿಸಬೇಕು.

ಕಿಟಕಿಯ ಬಿಸಿಲಿನಲ್ಲಿ ಪೆಟ್ಟಿಗೆಯನ್ನಿಡುವುದು ಇದಕ್ಕೆ ಪರಿಹಾರವಲ್ಲ. ಕಿಟಕಿಯ ಗಾಜಿನಿಂದ ಉಪಯುಕ್ತ ಕಿರಣ ಒಳಬರುವುದಿಲ್ಲ. ಒಳಬಂದ ಶಾಖವು ಪೆಟ್ಟಿಗೆಯಿಂದ ಹೊರಹೋಗುವುದಿಲ್ಲ. ಮಳೆಗಾಲದಲ್ಲಿ ಮಕ್ಕಳು ಸೀಸೆಯಲ್ಲಿ ತುಂಬಿ ಕಿಟಕಿಯ ಬಳಿ ಇಟ್ಟ ಗೊದಮೊಟ್ಟೆಗಳು ಸಾಯಲು ಇದೂ ಒಂದು ಕಾರಣ.

5. ಕಪ್ಪೆಯಿಲ್ಲದ ಪೆಟ್ಟಿಗೆ: ತರಗತಿ ಚಟುವಟಿಕೆ

ಈ ಪಾಠಕ್ಕೆ ಜೀವಂತ ಕಪ್ಪೆ ಬೇಡ, ತರಿಸಲೂ ಬಾರದು. ನಮ್ಮ ನಾಡಿನ ಕಪ್ಪೆಗಳನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯ. ಅಲ್ಲದೆ ಖಾಲಿ ಪೆಟ್ಟಿಗೆಯೇ ಇಲ್ಲಿ ಹೆಚ್ಚು ಕಲಿಸುತ್ತದೆ.

ಬೇಕಾದವು: ಪಾರದರ್ಶಕ ಪೆಟ್ಟಿಗೆ, ಮೇಜುದೀಪದಲ್ಲಿ 40 ವ್ಯಾಟಿನ ತಂತಿದೀಪ, ಮೂರು ಪ್ರಯೋಗಾಲಯ ತಾಪಮಾಪಕಗಳು, ಹತ್ತಿಬಟ್ಟೆ, ನೀರು. ಜ್ವರಮಾಪಕವನ್ನು ಬಳಸಬಾರದು, ಅದರ ಅಳತೆ 35 ಡಿಗ್ರಿಯ ಆಸುಪಾಸಿನಿಂದ ಆರಂಭವಾಗುತ್ತದೆ.

ದೀಪವನ್ನು ಪೆಟ್ಟಿಗೆಯ ಒಂದು ತುದಿಯ ಹೊರಗೆ, ಪೆಟ್ಟಿಗೆಗೆ ತಾಗದಂತೆ ಇರಿಸಿ ಶಿಕ್ಷಕರೇ ಹಚ್ಚಬೇಕು. ಎರಡು ತುದಿಗಳಲ್ಲಿ ಒಂದೊಂದು ತಾಪಮಾಪಕವನ್ನಿಟ್ಟು, ನೇರ ಬೆಳಕು ಬೀಳದಂತೆ ಕಾಗದದಿಂದ ಮರೆಮಾಡಬೇಕು. ಹತ್ತು ನಿಮಿಷಕ್ಕೊಮ್ಮೆ ಅಳತೆಯನ್ನು ಬರೆದುಕೊಂಡರೆ ಬೆಚ್ಚನೆಯ ತುದಿ, ತಂಪು ತುದಿಗಳು ಅಂಕಿಗಳಲ್ಲಿ ಮೂಡುತ್ತವೆ. ಮೂರನೆಯ ತಾಪಮಾಪಕದ ಬುರುಡೆಗೆ ಒದ್ದೆಬಟ್ಟೆ ಸುತ್ತಿ ಪೆಟ್ಟಿಗೆಯ ಹೊರಗೆ ಗಾಳಿ ಬೀಸಿದರೆ ಅಳತೆ ಇಳಿಯುತ್ತದೆ. ಆ ಒದ್ದೆಬಟ್ಟೆಯೇ ಕಪ್ಪೆಯ ಚರ್ಮವೆಂದು ಭಾವಿಸಲು ಹೇಳಿ. ಸೊಲ್ಲಾಪುರದ ಬೇಸಗೆಯಲ್ಲಿ ಈ ಇಳಿತ ಹೆಚ್ಚು. ಕಾಸರಗೋಡಿನ ಮಳೆಗಾಲದಲ್ಲಿ ಅತ್ಯಲ್ಪ. ಏಕೆಂಬುದನ್ನು ಮಕ್ಕಳು ಚರ್ಚಿಸಲಿ.

6. ಭಾಷಾ ಸೂಚನೆ ಮತ್ತು ಮೌಲ್ಯಮಾಪನ

ತೆಲುಗಿನ ‘ಕಪ್ಪ’ ನಮ್ಮ ‘ಕಪ್ಪೆ’ಯ ಒಡಹುಟ್ಟು, ಮಲಯಾಳದ ‘ತವಳ’, ತಮಿಳಿನ ‘ತವಳೈ’ ಪರಸ್ಪರ ನೆಂಟರು, ಮರಾಠಿಯಲ್ಲಿ ‘ಬೇಡೂಕ್’. ನೆರೆಭಾಷೆಯ ಪದವನ್ನು ಮಗು ಬಳಸಿದರೆ ತಡೆಯದೆ, ಕನ್ನಡ ಪದದ ಪಕ್ಕದಲ್ಲಿ ಕರಿಹಲಗೆಯ ಮೇಲೆ ಬರೆಯಬೇಕು. ಅನಂತರ ‘ಶೀತರಕ್ತ’ ಎಂಬುದರ ಅರ್ಥವನ್ನು ಸ್ವಂತ ವಾಕ್ಯದಲ್ಲಿ ಬರೆಯಲು ಹೇಳಬೇಕು.

ಕೇಳಬಹುದಾದ ಪ್ರಶ್ನೆಗಳು:

ಅ. ಪೆಟ್ಟಿಗೆಯ ಎರಡು ತುದಿಗಳ ಉಷ್ಣತೆ ಬೇರೆಬೇರೆ ಇರಬೇಕು, ಏಕೆ?
ಆ. ಮಣ್ಣಿನಲ್ಲಿ ಹುದುಗುವ ಕಪ್ಪೆಗೆ ಅಡಿಯಿಂದ ಶಾಖ ಕೊಟ್ಟರೆ ಏನಾಗುತ್ತದೆ?
ಇ. ನಿಮ್ಮ ಊರಿನಲ್ಲಿ ವೈಟ್ ಮರಗಪ್ಪೆಯ ಪೆಟ್ಟಿಗೆಗೆ ಮೇ ತಿಂಗಳಲ್ಲಿ ಏನು ಬೇಕು, ಡಿಸೆಂಬರಿನಲ್ಲಿ ಏನು ಬೇಕು?
ಈ. ‘ಶೀತರಕ್ತ’ ಎಂಬುದಕ್ಕೆ ಬದಲಾಗಿ ನೀವೇ ಒಂದು ಕನ್ನಡ ಪದವನ್ನು ಸೂಚಿಸಿ, ಕಾರಣ ಕೊಡಿ.

ಕೊನೆಯ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಮಗುವು ಕೊಡುವ ಕಾರಣದಲ್ಲಿ ‘ಹೊರಗಿನ ಶಾಖ’ ಎಂಬ ಭಾವ ಇದ್ದರೆ ಪೂರ್ಣ ಅಂಕ ನೀಡಬೇಕು.