ಪಿಂಚಣಿಯ ಗಂಟು, ಸೈಟಿನ ನಂಟು

ಸೈನ್ಯದಿಂದ ನಿವೃತ್ತನಾದ ಜವಾನನ ಕಬ್ಬಿಣದ ಟ್ರಂಕು ಬಸ್ಸಿನಿಂದ ಇಳಿಯುವ ಮೊದಲೇ, ಅವನಿಗೆ ಎಷ್ಟು ದುಡ್ಡು ಬಂದಿದೆ ಎಂಬ ಲೆಕ್ಕ ಊರಿಗೆಲ್ಲ ತಿಳಿದಿರುತ್ತದೆ. ಬೆಳಗಾವಿ ಕಡೆಯ ಹಳ್ಳಿಯಾದರೆ ಮರುದಿನವೇ ದಲ್ಲಾಳಿ ಚಹಾದ ನೆಪದಲ್ಲಿ ಬಂದು ಕೂಡುತ್ತಾನೆ. ‘ಹೈವೇ ಬದಿಗೆ ಚಲೋ ಪ್ಲಾಟ್ ಅದಾವ್ರಿ ಸಾಹೇಬ್ರ, ಎರಡ ವರ್ಷದಾಗ ಡಬಲ್!’ ಅನೇಕ ವೇಳೆ ಈ ದಲ್ಲಾಳಿಯೂ ಮಾಜಿ ಸೈನಿಕನೇ. ನಂಬಿಕೆ ಹುಟ್ಟಲು ಇನ್ನೇನು ಬೇಕು?

ಸಿಪಾಯಿಗೆ ನಿವೃತ್ತಿಯಾಗುವಾಗ ವಯಸ್ಸು ನಲವತ್ತರ ಆಸುಪಾಸು. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ಗ್ರಾಚ್ಯುಟಿ, ಭವಿಷ್ಯ ನಿಧಿ, ಗುಂಪು ವಿಮೆಯ ಜೊತೆಗೆ ಕಮ್ಯುಟೇಷನ್ ಹಣವೂ ಕೈಗೆ ಬರುತ್ತದೆ. ಆದರೆ ಈ ಕೊನೆಯದು ಸರ್ಕಾರ ಕೊಟ್ಟ ಬಹುಮಾನವಲ್ಲ. ಮೂಲ ಪಿಂಚಣಿಯ ಅರ್ಧದವರೆಗೆ ಬಿಟ್ಟುಕೊಟ್ಟು ಮುಂಗಡವಾಗಿ ಪಡೆದ ಹಣ ಅದು. ಆ ಭಾಗ ಮರಳಿ ಸಿಗಲು 15 ವರ್ಷ ಕಾಯಬೇಕು. ಖಾಲಿ ಸೈಟಿನಲ್ಲಿ ಅದನ್ನು ಹೂಳಿದರೆ ತಿಂಗಳ ಖರ್ಚಿಗೆ ಅಲ್ಲಿಂದ ಬಿಡಿಗಾಸೂ ಹುಟ್ಟುವುದಿಲ್ಲ. ಮಗಳ ಕಾಲೇಜು ಫೀಸು ಕಟ್ಟುವ ವಾರದಲ್ಲೇ ಸೈಟಿಗೆ ಗಿರಾಕಿ ಸಿಗುವುದೂ ಇಲ್ಲ.

ಬಾಡಿಗೆ ಮನೆಯಾದರೆ? ಬೆಂಗಳೂರಿನಲ್ಲಿ ಫ್ಲಾಟ್ ಕೊಂಡರೆ ಬೆಲೆಗೆ ಹೋಲಿಸಿದಾಗ ಬಾಡಿಗೆ ಸಾಮಾನ್ಯವಾಗಿ ಕಡಿಮೆಯೇ. ಬ್ಯಾಂಕಿನ ಠೇವಣಿಯೇ ವಾಸಿ. ಆದರೆ ತಾಲ್ಲೂಕು ಕೇಂದ್ರದಲ್ಲಿ ಹಿರಿಯರ ಜಾಗವಿದ್ದು, ಪಾಲುಪತ್ರವೂ ಆಗಿದ್ದರೆ, ಅದರಲ್ಲಿ ಎರಡು ಸಣ್ಣ ಮನೆ ಕಟ್ಟಿಸುವುದರ ಲೆಕ್ಕವೇ ಬೇರೆ. ನೆಲದ ಬೆಲೆ ಕೊಡಬೇಕಿಲ್ಲವಲ್ಲ! ಬಾಡಿಗೆಗೆ ಆದಾಯ ತೆರಿಗೆ ಲೆಕ್ಕ ಹಾಕುವಾಗ, ಮನೆ ಕಂದಾಯ ಕಳೆದ ಮೇಲೆ, ಶೇಕಡ 30 ರಿಯಾಯಿತಿಯೂ ಇದೆ. ಸ್ವಂತ ವಾಸಕ್ಕೆ ಮನೆ ಬೇಕೆನ್ನುವವರು 1978ರಲ್ಲಿ ಸ್ಥಾಪನೆಯಾದ ಸೇನಾ ಕಲ್ಯಾಣ ವಸತಿ ಸಂಸ್ಥೆಯ ಯೋಜನೆಗಳನ್ನು ವಿಚಾರಿಸಬಹುದು.

ಇನ್ನು ಕಾಗದಪತ್ರದ ವಿಷಯ. ಸರ್ಕಾರಿ ಕ್ವಾರ್ಟರ್ಸ್‌ನಲ್ಲೇ ಸೇವಾವಧಿ ಕಳೆದವರಿಗೆ ಪಹಣಿ, ಖಾತೆ, ಇ.ಸಿ. ಎಲ್ಲವೂ ಹೊಸ ಭಾಷೆ. ಮೊಹರು ಬಿದ್ದ ಕಾಗದವೆಲ್ಲ ಆದೇಶವೇ ಎಂಬ ಅಭ್ಯಾಸ ಬೇರೆ. ಗುಂಟೆ ಲೆಕ್ಕದಲ್ಲಿ ಮಾರುವ ‘ರೆವಿನ್ಯೂ ಸೈಟು’ ಅಗ್ಗವಾಗಿರುವುದು ಸುಮ್ಮನೆ ಅಲ್ಲ. ಆ ಜಮೀನು ಕೃಷಿಯೇತರ ಬಳಕೆಗೆ ಪರಿವರ್ತನೆಯಾಗಿರುವುದಿಲ್ಲ, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆಯೂ ಇರುವುದಿಲ್ಲ. ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಸಾಕು ಎಂದು ಹೇಳುವವರಿದ್ದಾರೆ. ಅದರಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ.

2016ರ ರೇರಾ ಕಾಯ್ದೆಯ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಬಡಾವಣೆ ನೋಂದಣಿಯಾಗದೆ ಸೈಟು ಮಾರುವಂತಿಲ್ಲ. ಕರಾರನ್ನು ನೋಂದಾಯಿಸುವ ಮುನ್ನ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತೆಯೂ ಇಲ್ಲ. ‘ನಾಳೆಗೆ ರೇಟು ಏರುತ್ತದೆ, ಇವತ್ತೇ ಅರ್ಧ ಕೊಡಿ’ ಎಂದವನಿಗೆ ಈ ಒಂದು ನಿಯಮ ಹೇಳಿ ನೋಡಿ, ಮುಖದ ಬಣ್ಣ ಬದಲಾಗುತ್ತದೆ.

ಜಮೀನು ಕೊಳ್ಳುವುದು ಈಗ ಸುಲಭ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೊಳ್ಳಬಹುದು. ಆದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ, 1978ರ ಕಾಯ್ದೆಯಂತೆ ಅದು ಮೂಲ ಮಂಜೂರುದಾರರಿಗೇ ವಾಪಸಾಗಬಹುದು. ಎಷ್ಟು ಕೈ ದಾಟಿ ಬಂದಿದ್ದರೂ ಪಾರಾದೆನೆಂದು ಹೇಳಲಾಗದು. ಆದ್ದರಿಂದ ಜಮೀನಿನ ಮೂಲ ಎಲ್ಲಿಯದು ಎಂದು ಮೊದಲು ಕೇಳಬೇಕು.

ಕೈಯಲ್ಲಿ ಪೂರ್ತಿ ಹಣವಿದ್ದರೂ ಸ್ವಲ್ಪ ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವ ಜಾಣರಿದ್ದಾರೆ. ಸಾಲ ಮುಖ್ಯವಲ್ಲ, ಬ್ಯಾಂಕಿನ ವಕೀಲರು ದಾಖಲೆಗಳನ್ನು ಜಾಲಾಡುತ್ತಾರಲ್ಲ, ಅದು ಮುಖ್ಯ. ಬ್ಯಾಂಕು ಬೇಡವೆಂದ ಆಸ್ತಿ ನಮಗೇಕೆ?

ಕ್ರಯಪತ್ರದಲ್ಲಿ ಹೆಂಡತಿಯ ಹೆಸರೂ ಇರಲಿ. ಗಂಡ ಗಡಿಯಲ್ಲಿದ್ದಾಗ ಊರಿನಲ್ಲಿದ್ದು ಸಂಸಾರ ತೂಗಿಸಿದವಳು ಅವಳು. ಯಾವ ಓಣಿಗೆ ನೀರು ಬರುತ್ತದೆ, ಮಳೆಗಾಲದಲ್ಲಿ ಯಾವ ಕಡೆ ಮೊಳಕಾಲುದ್ದ ಕೆಸರು, ಯಾವ ಮನೆ ಬಾಡಿಗೆಗೆ ಸಿಗದೆ ಖಾಲಿ ಬಿದ್ದಿದೆ ಎಂಬುದನ್ನು ದಲ್ಲಾಳಿಯನ್ನು ಕೇಳುವ ಮೊದಲು ಅವಳನ್ನು ಕೇಳಬಹುದು.